ಅಗಲಿಕೆಯ ಒಂಬತ್ತು ಹಾಡುಗಳು

ಮನುಷ್ಯನ ಬಾಳಿನಲ್ಲಿ ಅಗಲಿಕೆಗಳು ಹಲವು ಬಗೆಯವು. ಅವುಗಳಲ್ಲಿ ದೊಡ್ಡವೆನಿಸಿದವುಗಳಿಗೆ ನಮ್ಮ ಹಿರಿಯರು ಒಂದೊಂದು ವಿಧಿಯನ್ನೂ ಒಂದೊಂದು ಹಾಡನ್ನೂ ಏರ್ಪಡಿಸಿಟ್ಟಿರುವರು. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಮಡಿಲು ತುಂಬುವ ಶಾಸ್ತ್ರವುಂಟು, ಹೆಣ್ಣೊಪ್ಪಿಸುವ ಹಾಡುಂಟು. ಹಾಡುವವರಿಗೂ ಕೇಳುವವರಿಗೂ ಅಳುವುದಕ್ಕೆ ಅಲ್ಲಿ ಅವಕಾಶವುಂಟು. ಸತ್ತವರನ್ನು ಕಳುಹಿಸಿಕೊಡಲು ದಿನದಿನದ ಕರ್ಮಗಳುಂಟು. ಗುರುಕುಲದಲ್ಲಿ ಓದು ಮುಗಿಸಿದ ವಟುವಿಗೆ ಸಮಾವರ್ತನವೆಂಬ ಸಂಸ್ಕಾರವಿತ್ತು. ಅವನು ಸ್ನಾನ ಮಾಡಿ, ಗುರುವಿನ ಕಡೆಯ ಉಪದೇಶವನ್ನು ಕೇಳಿ, ಸ್ನಾತಕನೆನಿಸಿಕೊಂಡು ಮನೆಗೆ ಹಿಂದಿರುಗುತ್ತಿದ್ದನು. ಆದರೆ ಅದೇ ಗುರುಕುಲದಲ್ಲಿ ಅವನೊಡನೆ ಹನ್ನೆರಡು ವರ್ಷ ಸಮಿತ್ತು ತಂದು, ಭಿಕ್ಷೆಯ ಅನ್ನವನ್ನು ಹಂಚಿಕೊಂಡು ತಿಂದ ಸಹಪಾಠಿಗಳು ಆ ದಿನ ಒಬ್ಬರನ್ನೊಬ್ಬರು ಬಿಟ್ಟು ಹೋಗುವಾಗ ಏನು ಮಾಡುತ್ತಿದ್ದರು? ನಾವು ಓದಿದ ಗ್ರಂಥಗಳಲ್ಲಿ ಅದಕ್ಕೆ ಒಂದು ವಿಧಿಯನ್ನು ಕಂಡುದಿಲ್ಲ.

ಈ ಪ್ರಶ್ನೆಯು ನಮಗೆ ಗ್ರಂಥಗಳಿಂದ ಬಂದುದಲ್ಲ. ನಾವು ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಿವೃತ್ತರಾದವರು. ಪ್ರತಿ ವರ್ಷವೂ ಹತ್ತನೆಯ ತರಗತಿಯವರಿಗೆ ಬೀಳ್ಕೊಡುಗೆಯ ಸಮಾರಂಭ ನಡೆಯುತ್ತಿತ್ತು. ಮುಖ್ಯೋಪಾಧ್ಯಾಯರ ಭಾಷಣ, ಒಂದು ಭಾವಚಿತ್ರ, ಕಾಗದದ ತಟ್ಟೆಯಲ್ಲಿ ಖಾರಾಬೂಂದಿ, ಒಂದು ತುಂಡು ಮೈಸೂರುಪಾಕು. ಎಲ್ಲ ಮುಗಿದು ಜವಾನನು ಬೀಗದ ಕೈಗಳನ್ನು ಹಿಡಿದು ಬಂದ ಮೇಲೆಯೂ ಇಬ್ಬರು ಮೂವರು ಮಕ್ಕಳು ತರಗತಿಯ ಬಾಗಿಲಲ್ಲಿ ಸುಮ್ಮನೆ ನಿಂತಿರುವರು. “ಏನಪ್ಪಾ, ಇನ್ನೂ ಹೊರಡಲಿಲ್ಲವೆ?” ಎಂದರೆ “ಏನಿಲ್ಲ ಸಾರ್” ಎನ್ನುವರು. ಆ ‘ಏನಿಲ್ಲ’ ಎಂಬ ಮಾತನ್ನು ನಾವು ಮೂವತ್ತು ಸಲ ಕೇಳಿದ್ದೇವೆ. ಅದರೊಳಗೆ ಇದ್ದುದು ಏನೆಂಬುದನ್ನು ಆ ಮಕ್ಕಳೂ ಹೇಳಲಾರರು, ನಾವೂ ಕೇಳಲಾರೆವು.

ಹೀಗೆ ವಿಧಿಯೂ ಇಲ್ಲದ, ಹಾಡೂ ಇಲ್ಲದ ಈ ಸಣ್ಣ ಅಗಲಿಕೆಗೆ ಅಮೆರಿಕಾ ದೇಶದ ಮೂವರು ವಿದ್ಯಾರ್ಥಿಗಳು 1999ನೆಯ ಇಸವಿಯಲ್ಲಿ ಒಂದು ರೂಪವನ್ನು ಕೊಟ್ಟರು. ಅವರ ವಾದ್ಯಗೋಷ್ಠಿಯ ಹೆಸರು ‘ಅಮೆರಿಕನ್ ಫುಟ್‌ಬಾಲ್’. ಆ ವರ್ಷದ ಸೆಪ್ಟೆಂಬರ್ 14ರಂದು ಹೊರಬಂದ ಅವರ ಚೊಚ್ಚಲ ಸಂಪುಟಕ್ಕೂ ಅದೇ ಹೆಸರು. ಚೆಂಡಾಟಕ್ಕೂ ಅದಕ್ಕೂ ಸಂಬಂಧವೇನೂ ಇಲ್ಲ. ಒಂಬತ್ತು ಹಾಡುಗಳು; ಒಟ್ಟು ಸುಮಾರು 41 ನಿಮಿಷ. ಕಾಳಿದಾಸನನ್ನು ಪಾಠ ಹೇಳಿಕೊಂಡಿದ್ದ ಮೇಷ್ಟರಿಗೆ ಈ ವಿಷಯವು ಎಲ್ಲಿಂದ ಅಂಟಿಕೊಂಡಿತೆಂದು ವಾಚಕರು ಕೇಳಬಹುದು. ಅದು ನಮ್ಮ ಮನೆಯನ್ನು ಹೊಕ್ಕ ಬಗೆಯನ್ನು ಮುಂದೆ ಹೇಳುವೆವು. ಮೊದಲು ವಸ್ತುವಿನ ಪರಿಚಯವಾಗಲಿ.

ಈ ಬಗೆಯ ಸಂಗೀತಕ್ಕೆ ‘ಇಮೋ’ ಎಂದು ಹೆಸರು. ಭಾವಾವೇಶವನ್ನು ಹೇಳುವ ಇಂಗ್ಲಿಷ್ ಶಬ್ದವೊಂದರ ತಲೆಯನ್ನು ಮಾತ್ರ ಉಳಿಸಿಕೊಂಡು ಮಾಡಿದ ಹೆಸರು ಇದು. ಇದು ಹುಟ್ಟಿದುದು 1980ರ ದಶಕದ ನಡುವೆ, ವಾಷಿಂಗ್ಟನ್ ನಗರದಲ್ಲಿ. ಅಲ್ಲಿ ಅದಕ್ಕೆ ಮುಂಚೆ ಪಂಕ್ ಎಂಬ ಸಂಗೀತವು ಬಳಕೆಯಲ್ಲಿದ್ದಿತು. ರಭಸ, ಕೂಗು, ಅಧಿಕಾರದಲ್ಲಿದ್ದವರ ಮೇಲೆ ಸಿಟ್ಟು ಇವೇ ಅದರ ಲಕ್ಷಣಗಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಲ್ಲಿ ರೌದ್ರವೇ ಪ್ರಧಾನ. 1985ರಲ್ಲಿ ‘ರೈಟ್ಸ್ ಆಫ್ ಸ್ಪ್ರಿಂಗ್’ ಎಂಬ ಗೋಷ್ಠಿಯವರು ತಮ್ಮ ಚೊಚ್ಚಲ ಸಂಪುಟದಲ್ಲಿ ರಭಸವನ್ನು ಹಾಗೆಯೇ ಉಳಿಸಿಕೊಂಡು, ಹೊರಗಿನ ಶತ್ರುವನ್ನು ಬಿಟ್ಟು, ತಮ್ಮ ಎದೆಯೊಳಗಿನ ಮಾತನ್ನೇ ಹಾಡಿದರು. ಅದನ್ನು ಕಂಡು ಕೆಲವರು ಅಣಕದಿಂದ ಈ ಹೆಸರನ್ನು ಅಂಟಿಸಿದರು. ಅದನ್ನು ಹೊತ್ತವರು ಯಾರೂ ಪ್ರೀತಿಯಿಂದ ಹೊತ್ತುದಿಲ್ಲ. 1990ರ ದಶಕದಲ್ಲಿ ಇದು ಆ ದೇಶದ ನಡುಭಾಗದ ಊರುಗಳಿಗೆ ಹರಡಿತು. ಅಲ್ಲಿ ಕೂಗು ತಗ್ಗಿತು. ತಂತಿಯ ನಾದ ಮುಂದಕ್ಕೆ ಬಂದಿತು. ನಾವು ಹೇಳುತ್ತಿರುವ ಸಂಪುಟವು ಈ ಎರಡನೆಯ ಹಂತಕ್ಕೆ ಸೇರಿದುದು. ಆ ಹಂತದ ಹಾಡುಗಳಲ್ಲಿ ಇಂದು ಎಲ್ಲರೂ ಮೊದಲು ಹೆಸರಿಸುವುದೂ ಇದನ್ನೇ.

ಇಲಿನಾಯ್ ಸಂಸ್ಥಾನದಲ್ಲಿ, ಚಿಕಾಗೋ ನಗರಕ್ಕೆ ದಕ್ಷಿಣದಲ್ಲಿ ಸುಮಾರು 220 ಕಿಲೋಮೀಟರು ದೂರದಲ್ಲಿ, ಅರ್ಬಾನಾ ಮತ್ತು ಶಾಂಪೇನ್ ಎಂಬ ಜೋಡಿ ಊರುಗಳಿವೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಸಮತಟ್ಟಾದ ಹೊಲಗಳು; ನಡುವೆ ಒಂದು ದೊಡ್ಡ ವಿಶ್ವವಿದ್ಯಾಲಯ. ಇಂಥ ಊರುಗಳಿಗೆ ಒಂದು ಸ್ವಭಾವವುಂಟು. ಅಲ್ಲಿಯ ಜನರಲ್ಲಿ ಬಹು ಭಾಗ ನಾಲ್ಕು ವರ್ಷಗಳ ಬಿಡಾರದವರು. ಮೇ ತಿಂಗಳು ಬಂದಿತೆಂದರೆ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ಹೊರಡುವರು. ಆಗಸ್ಟಿನಲ್ಲಿ ಅದೇ ಕೋಣೆಗಳಿಗೆ ಬೇರೆ ಹುಡುಗರು ಬರುವರು. ಗೋಡೆಯ ಮೊಳೆಗಳು ಮಾತ್ರ ಅವೇ.

ಈ ಊರಿನಲ್ಲಿ 1997ರಲ್ಲಿ ಕೂಡಿಕೊಂಡ ಮೂವರು ಮೈಕ್ ಕಿನ್ಸೆಲಾ, ಸ್ಟೀವ್ ಹೋಮ್ಸ್, ಸ್ಟೀವ್ ಲೇಮೋಸ್ ಎಂಬವರು. ಕಿನ್ಸೆಲಾ ಹುಡುಗತನದಲ್ಲಿಯೇ ತನ್ನ ಅಣ್ಣನೊಡನೆ ‘ಕ್ಯಾಪ್ನ್ ಜ್ಯಾಸ್’ ಎಂಬ ಗೋಷ್ಠಿಯಲ್ಲಿ ಡ್ರಮ್ಮು ಬಾರಿಸಿದವನು. ಇಲ್ಲಿ ಅವನದು ಹಾಡುಗಾರಿಕೆ ಮತ್ತು ಗಿಟಾರು. ಹೋಮ್ಸನದು ಎರಡನೆಯ ಗಿಟಾರು. ಲೇಮೋಸನು ಡ್ರಮ್ಮನ್ನೂ ಬಾರಿಸುವನು, ಟ್ರಂಪೆಟ್ಟನ್ನೂ ಊದುವನು. ಓದು ಮುಗಿಯುವ ಹೊತ್ತಿಗೆ ಕೆಲವೇ ದಿನಗಳಲ್ಲಿ ಒಂಬತ್ತು ಹಾಡುಗಳನ್ನೂ ಮುದ್ರಿಸಿದರು. ಪ್ರಕಟಿಸಿದುದು ಪಾಲಿವೈನಿಲ್ ಎಂಬ ಸಣ್ಣ ಸಂಸ್ಥೆ. ಅದೂ ಅದೇ ಸಂಸ್ಥಾನದಲ್ಲಿ ಹುಡುಗರು ನಡೆಸುತ್ತಿದ್ದ ಒಂದು ಕೈಪತ್ರಿಕೆಯಿಂದ ಬೆಳೆದುದು. ಸಂಪುಟವು ಹೊರಬಂದ ಸ್ವಲ್ಪ ಕಾಲದಲ್ಲಿಯೇ ಮೂವರೂ ತಂತಮ್ಮ ದಾರಿ ಹಿಡಿದರು, ಗೋಷ್ಠಿಯು ನಿಂತುಹೋಯಿತು. ಜಗಳವಾದುದರಿಂದಲ್ಲ. ಓದು ಮುಗಿದಿತ್ತು, ಅಷ್ಟೆ.

ಇನ್ನು ನಾದದ ವಿಷಯ. ಗಿಟಾರಿಗೆ ಆರು ತಂತಿಗಳು. ಅವುಗಳನ್ನು ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿಗೆ ಶ್ರುತಿ ಮಾಡುವುದು ರೂಢಿ. ಈ ಸಂಪುಟದ ಮೊದಲನೆಯ ಹಾಡಾದ ‘ನೆವರ್ ಮೆಂಟ್’ ಎಂಬುದರಲ್ಲಿ ಅವುಗಳನ್ನು ಎಫ್, ಎ, ಸಿ, ಜಿ, ಸಿ, ಇ ಎಂದು ಬದಲಿಸಿಕೊಂಡಿರುವರು. ನಮ್ಮ ನೆರೆಮನೆಯಲ್ಲಿ ವೈಣಿಕರೊಬ್ಬರಿದ್ದಾರೆ. ಅವರನ್ನು ಕೇಳಲು ಅವರು ಎಫ್ ಎಂಬುದನ್ನು ಷಡ್ಜವೆಂದು ಹಿಡಿದು ಎಣಿಸಿ, “ಸ, ಗ, ಪ, ರಿ, ಪ, ನಿ” ಎಂದರು. ಗಾಂಧಾರವು ಅಂತರ, ಋಷಭವು ಚತುಃಶ್ರುತಿ, ನಿಷಾದವು ಕಾಕಲಿ. ಶಂಕರಾಭರಣಕ್ಕೂ ಸಲ್ಲುವುದು, ಕಲ್ಯಾಣಿಗೂ ಸಲ್ಲುವುದು. ಅವೆರಡನ್ನು ಬೇರೆ ಮಾಡತಕ್ಕ ಮಧ್ಯಮವೇ ಆ ತಂತಿಗಳಲ್ಲಿಲ್ಲ. ಬೆರಳನ್ನೊತ್ತದೆ ಎಲ್ಲ ತಂತಿಗಳನ್ನೂ ಒಮ್ಮೆ ಮೀಟಿದರೆ ಎಲ್ಲಕ್ಕೂ ಮೇಲೆ ಉಳಿದು ಕೇಳುವುದು ಕಾಕಲಿ ನಿಷಾದ. ಷಡ್ಜಕ್ಕೆ ಅರ್ಧಸ್ವರ ಮಾತ್ರ ಬಾಕಿ. ಮನೆಯ ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡದೆ ನಿಂತವನ ಹಾಗೆ ಆ ಸ್ವರವು ನಿಂತಿರುವುದು. ವೈಣಿಕರು, “ಇದನ್ನು ಕೇಳಿದರೆ ಷಡ್ಜವನ್ನು ಮೀಟಿ ಮುಗಿಸಿಬಿಡೋಣವೆಂದು ಕೈ ತುರಿಸುತ್ತದೆ” ಎಂದರು. ಆ ಹುಡುಗರು ಇಷ್ಟೆಲ್ಲ ಲೆಕ್ಕ ಹಾಕಿ ಮಾಡಿದರೆಂದು ನಾವು ಹೇಳುವುದಿಲ್ಲ. ಕಿವಿಗೆ ಒಪ್ಪಿದುದನ್ನು ಹಿಡಿದಿರಬಹುದು. ಆದರೆ ಒಪ್ಪಿದುದು ಇದು.

ತಂತಿಗಳನ್ನು ಒಟ್ಟಿಗೆ ಬಾಚಿ ಬಾರಿಸುವುದಕ್ಕಿಂತ ಒಂದೊಂದನ್ನೇ ಬಿಡಿಬಿಡಿಯಾಗಿ ಮೀಟುವುದು ಇವರ ಪದ್ಧತಿ. ಎರಡು ಗಿಟಾರುಗಳೂ ಒಂದೊಂದು ಸಣ್ಣ ಸ್ವರಗುಚ್ಛವನ್ನು ಹಿಡಿದು ಮತ್ತೆ ಮತ್ತೆ ಸುತ್ತುತ್ತಿರುವುವು. ಎಣಿಕೆಗಳು ಅಲ್ಲಲ್ಲಿ ಬೇರೆಯಾಗಿರುವುದರಿಂದ ಒಮ್ಮೆ ಕೂಡಿಕೊಂಡು, ಒಮ್ಮೆ ಜಾರಿ, ಮತ್ತೆ ಎಲ್ಲಿಯೋ ಸಂಧಿಸುವುವು. ತಾಳ ಹಾಕಿಕೊಂಡು ಕೇಳಲು ಕುಳಿತ ನಮ್ಮ ಕೈಗೆ ಇದು ಸುಲಭವಾಗಿ ಸಿಕ್ಕಲಿಲ್ಲ. ಪಲ್ಲವಿಗೆ ಹಿಂದಿರುಗಬೇಕೆಂಬ ನಿರ್ಬಂಧವೂ ಇವರಿಗಿಲ್ಲ. ಹಾಡು ಹೊರಟ ಕಡೆಗೆ ಹೋಗಿ ಅಲ್ಲಿಯೇ ನಿಲ್ಲುವುದುಂಟು. ಐದನೆಯದಕ್ಕೂ ಒಂಬತ್ತನೆಯದಕ್ಕೂ ಸಾಹಿತ್ಯವೇ ಇಲ್ಲ, ಬರಿಯ ವಾದ್ಯ. ಎಂಟನೆಯದಾದ ‘ಸ್ಟೇ ಹೋಮ್’ ಎಂಟು ನಿಮಿಷಗಳನ್ನು ಮೀರಿದ್ದು; ಅದರಲ್ಲಿ ನಾದ ಬಹಳ, ಮಾತು ಸ್ವಲ್ಪ. ಎರಡನೆಯದಾದ ‘ದಿ ಸಮ್ಮರ್ ಎಂಡ್ಸ್’ ಎಂಬುದರಲ್ಲಿ ಟ್ರಂಪೆಟ್ಟು ಬರುವುದು. ಆ ವಾದ್ಯವನ್ನು ನಾವು ಪೊಲೀಸರ ಬ್ಯಾಂಡಿನಲ್ಲಿಯೂ ಮದುವೆಯ ಮೆರವಣಿಗೆಯಲ್ಲಿಯೂ ಕೇಳಿ ಅದು ಗಟ್ಟಿಯಾಗಿ ಊದುವುದಕ್ಕೇ ಹುಟ್ಟಿದುದೆಂದು ತಿಳಿದಿರುವೆವಷ್ಟೆ. ಇಲ್ಲಿ ಅದು ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ಊದಿಕೊಳ್ಳುತ್ತಿರುವ ಹಾಗೆ ಕೇಳುವುದು.

ಸಾಹಿತ್ಯವನ್ನು ಕುರಿತು ಹೇಳತಕ್ಕದ್ದು ಸ್ವಲ್ಪವೇ ಆದರೂ ಮುಖ್ಯವಾದುದು. ಇವು ಕವಿತೆಗಳಲ್ಲ. ಬರೆದು, ಹರಿದು, ಅಂಚೆಗೆ ಹಾಕದೆ ಉಳಿದ ಪತ್ರದ ಚೂರುಗಳಂತೆ ಇವೆ. ಒಂದು ಬೇಸಿಗೆ, ಅದರ ಕೊನೆ, ಒಬ್ಬರು ಇನ್ನೊಬ್ಬರನ್ನು ಬಿಟ್ಟು ಹೊರಡಬೇಕಾದುದು, ಹೊರಡುವುದಕ್ಕೆ ಮುಂಚೆ ಆಡಬೇಕಾದ ಮಾತು ತಡವರಿಸುವುದು, ವಸ್ತು ಇಷ್ಟೆ. ಮೊದಲನೆಯ ಹಾಡಿನಲ್ಲಿ, ಆದುದನ್ನೆಲ್ಲ ಆಗಲೇ ಇಲ್ಲವೆಂಬಂತೆ ಬಿಟ್ಟುಬಿಡೋಣವೆಂದು ಒಬ್ಬನು ಹೇಳಿಕೊಳ್ಳುವನು. ಹಾಗೆ ಬಿಡಲು ಅವನಿಂದ ಆಗುವುದಿಲ್ಲವೆಂಬುದು ಗಿಟಾರಿನಿಂದ ನಮಗೆ ತಿಳಿಯುವುದೇ ಹೊರತು ಅವನ ಮಾತಿನಿಂದಲ್ಲ.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಮೂವತ್ತಮೂರು ವ್ಯಭಿಚಾರಿ ಭಾವಗಳನ್ನು ಎಣಿಸಿರುವನು. ಅವುಗಳಲ್ಲಿ ‘ಅವಹಿತ್ಥ’ ಎಂಬುದೊಂದು. ಒಳಗಿನ ಭಾವವನ್ನು ಮುಚ್ಚಿಡುವುದೇ ಅವಹಿತ್ಥ. ಕುಮಾರಸಂಭವದ ಆರನೆಯ ಸರ್ಗದಲ್ಲಿ ಅಂಗಿರಸ್ಸು ಹಿಮವಂತನೊಡನೆ ಪಾರ್ವತಿಯ ಮದುವೆಯ ಮಾತನ್ನೆತ್ತಿದಾಗ, ತಂದೆಯ ಮಗ್ಗುಲಲ್ಲಿದ್ದ ಅವಳು ತಲೆಬಾಗಿ ಕೈಯಲ್ಲಿದ್ದ ಕಮಲದ ಎಸಳುಗಳನ್ನು ಎಣಿಸತೊಡಗುವಳು. ಆನಂದವರ್ಧನನು ಈ ಶ್ಲೋಕವನ್ನು ಧ್ವನಿಗೆ ಉದಾಹರಣೆಯಾಗಿ ತೆಗೆದುಕೊಂಡಿರುವುದನ್ನು ಓದಿದವರೆಲ್ಲರೂ ಬಲ್ಲರು. ಅವಳು ಏನನ್ನೂ ಹೇಳಲಿಲ್ಲ, ಎಸಳುಗಳನ್ನು ಎಣಿಸಿದಳು. ಈ ಹುಡುಗರೂ ಏನನ್ನೂ ಹೇಳುವುದಿಲ್ಲ, ಸ್ವರಗಳನ್ನು ಎಣಿಸುವರು. ತರಗತಿಯ ಬಾಗಿಲಲ್ಲಿ ನಿಂತು ‘ಏನಿಲ್ಲ’ ಎಂದ ನಮ್ಮ ಮಕ್ಕಳದೂ ಇದೇ ಜಾತಿಯ ಭಾವ. ಕಾಳಿದಾಸನ ಪದ್ಯಕ್ಕೂ ಅಮೆರಿಕಾದ ಹುಡುಗರ ಹಾಡಿಗೂ ಸಮವೆಂದು ನಾವು ಹೇಳುತ್ತಿಲ್ಲ. ಮುಚ್ಚಿಟ್ಟ ಭಾವವು ಹೊರಕ್ಕೆ ಬರುವ ದಾರಿಯು ಎರಡೂ ಕಡೆ ಒಂದೇ ಎನ್ನುತ್ತೇವೆ.

ಶಾಸ್ತ್ರಜ್ಞರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ವ್ಯಭಿಚಾರಿ ಭಾವಗಳು ಕಡಲಿನ ಅಲೆಗಳಂತೆ ಎದ್ದು ಅಡಗತಕ್ಕವು, ರಸವಾಗತಕ್ಕದ್ದು ಸ್ಥಾಯಿಭಾವ. ಈ ಹಾಡುಗಳಲ್ಲಿ ಸ್ಥಾಯಿ ಯಾವುದು? ರತಿಯೆನ್ನೋಣವೆಂದರೆ ಅದು ಇನ್ನೂ ಗಟ್ಟಿಯಾಗದ ಹರೆಯದ ಒಲವು. ಶೋಕವೆನ್ನೋಣವೆಂದರೆ ಯಾರೂ ಸತ್ತಿಲ್ಲ, ಯಾವ ರಾಜ್ಯವೂ ಹೋಗಿಲ್ಲ. ಸ್ಮೃತಿ, ಔತ್ಸುಕ್ಯ, ವಿಷಾದ, ಚಿಂತೆ, ಅವಹಿತ್ಥ, ಇಂಥ ಅಲೆಗಳೇ ಕಾಣುವುವಲ್ಲದೆ ಕಡಲು ಕಾಣುವುದಿಲ್ಲ. ಆಕ್ಷೇಪವು ನ್ಯಾಯವಾದುದೆ. ಆದರೆ ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ವಯಸ್ಸೇ ಹಾಗಲ್ಲವೆ? ಅಲ್ಲಿ ಯಾವ ಭಾವಕ್ಕೂ ನೆಲೆ ನಿಲ್ಲುವಷ್ಟು ಕಾಲವಿರುವುದಿಲ್ಲ. ನೆಲೆ ನಿಲ್ಲದಿರುವುದೇ ಅವರ ನೋವು. ಆ ನೋವನ್ನು ದೊಡ್ಡ ಶೋಕದ ವೇಷ ಹಾಕಿಸದೆ, ಅದು ಇದ್ದಷ್ಟು ಗಾತ್ರದಲ್ಲಿಯೇ ತೋರಿಸಿರುವುದು ಈ ಸಂಪುಟದ ಗುಣವೆಂದು ನಮ್ಮ ಅಭಿಪ್ರಾಯ. ಬಲ್ಲವರು ಒಪ್ಪದಿದ್ದರೆ ವಾದಕ್ಕೆ ಬರಬಹುದು. ನಮ್ಮ ಜಗಲಿಯು ವಿಶಾಲವಾಗಿದೆ.

ಸಂಪುಟದ ಹೊದಿಕೆಯ ಮೇಲೆ ಒಂದು ಮನೆಯ ಚಿತ್ರವಿದೆ. ಕ್ರಿಸ್ ಸ್ಟ್ರಾಂಗ್ ಎಂಬವರು ತೆಗೆದುದು. ಅರ್ಬಾನಾದಲ್ಲಿ ವಿದ್ಯಾರ್ಥಿಗಳು ಬಾಡಿಗೆಗೆ ಇರುತ್ತಿದ್ದ ಒಂದು ಬಿಳಿಯ ಮನೆ. ಕೆಳಗೆ ನಿಂತು ಮೇಲಕ್ಕೆ ನೋಡಿದಂತೆ ಅದರ ಮಹಡಿ, ಮಾಡಿನ ಇಳಿಜಾರು, ಬೆಳಕಿರುವ ಒಂದು ಕಿಟಕಿ, ಹಿಂದೆ ಹಸುರು ಛಾಯೆಯ ಇರುಳಿನ ಆಕಾಶ. ಮನುಷ್ಯರು ಯಾರೂ ಇಲ್ಲ. ಹಾಡಿದವರ ಮುಖಗಳೂ ಇಲ್ಲ. ಒಳಗೆ ಯಾರೋ ಎಚ್ಚರವಾಗಿದ್ದಾರೆ, ನೋಡುವವನು ಹೊರಗೆ ಬೀದಿಯಲ್ಲಿದ್ದಾನೆ, ಇಷ್ಟನ್ನು ಮಾತ್ರ ಆ ಚಿತ್ರವು ಹೇಳುವುದು. ಒಂದು ಊರನ್ನು ಬಿಡುವ ಹಿಂದಿನ ರಾತ್ರಿ ತಾನಿದ್ದ ಮನೆಯನ್ನು ಹೊರಗೆ ನಿಂತು ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ಮುಂದೆ ನಡೆದುದು ವಿಚಿತ್ರವಾದುದು. ಮೂವರೂ ಚೆದರಿ ಹೋದ ಮೇಲೆ ಸಂಪುಟವು ತಾನೇ ತಾನಾಗಿ ಬದುಕಿತು. ಒಬ್ಬ ವಿದ್ಯಾರ್ಥಿ ಇನ್ನೊಬ್ಬನಿಗೆ, ಅಕ್ಕ ತಮ್ಮನಿಗೆ, ಬಿಟ್ಟು ಹೋಗುವವನು ಉಳಿಯುವವನಿಗೆ ಕೇಳಿಸುತ್ತ ಹದಿನೈದು ವರ್ಷ ಕೈಯಿಂದ ಕೈಗೆ ಹೋಯಿತು. ಇತ್ತ ಕಿನ್ಸೆಲಾ ‘ಓವೆನ್’ ಎಂಬ ಹೆಸರಿನಲ್ಲಿ ಒಬ್ಬನೇ ಹಾಡಿಕೊಂಡಿದ್ದನು. ಲೇಮೋಸನು ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಬರವಣಿಗೆಯನ್ನು ಕಲಿಸುವ ಅಧ್ಯಾಪಕನಾದನು. ನಮ್ಮ ಕಸುಬಿನವನೆಂದು ತಿಳಿದು ನಮಗೆ ಅವನಲ್ಲಿ ಒಂದು ಬಗೆಯ ಪಕ್ಷಪಾತವೇ ಉಂಟಾಯಿತು. 2014ರಲ್ಲಿ ಸಂಪುಟವನ್ನು ಮರುಮುದ್ರಿಸಿದಾಗ ಜನರು ಮುಗಿಬಿದ್ದು ಕೊಂಡರು. ನಡುವಯಸ್ಸಿಗೆ ಬಂದ ಮೂವರೂ, ಜೊತೆಗೆ ಕಿನ್ಸೆಲಾನ ದಾಯಾದಿ ನೇಟ್ ಕಿನ್ಸೆಲಾನೂ ಸೇರಿ, ಮತ್ತೆ ವೇದಿಕೆಯನ್ನು ಹತ್ತಿದರು. 2016ರಲ್ಲಿ ಎರಡನೆಯ ಸಂಪುಟವೂ 2019ರಲ್ಲಿ ಮೂರನೆಯದೂ ಬಂದುವು. ಎರಡನೆಯದರ ಹೊದಿಕೆಯಲ್ಲಿ ಅದೇ ಮನೆಯ ಒಳಭಾಗ; ಮೂರನೆಯದರಲ್ಲಿ ಮನೆಯಿಲ್ಲ, ಊರಾಚೆಯ ಬಯಲು. 2024ರಲ್ಲಿ ಚೊಚ್ಚಲ ಸಂಪುಟಕ್ಕೆ ಇಪ್ಪತ್ತೈದು ತುಂಬಿದಾಗ ಬೇರೆ ಹಾಡುಗಾರರು ಆ ಒಂಬತ್ತನ್ನೂ ತಮ್ಮ ತಮ್ಮ ರೀತಿಯಲ್ಲಿ ಹಾಡಿ ಒಂದು ಸಂಪುಟವಾಗಿ ತಂದರು.

ಆ ಮನೆಯೂ ಕ್ಷೇತ್ರವಾಯಿತು. ದೂರದೂರದಿಂದ ಯುವಕ ಯುವತಿಯರು ಬಂದು ಅದರ ಮುಂದೆ ನಿಂತು, ಚಿತ್ರದಲ್ಲಿರುವ ಕೋನದಿಂದಲೇ ನೋಡಿ, ಚಿತ್ರ ತೆಗೆದುಕೊಂಡು ಹೋಗತೊಡಗಿದರು. 2023ರಲ್ಲಿ ಗೋಷ್ಠಿಯವರೂ, ಪ್ರಕಾಶಕರೂ, ಚಿತ್ರ ತೆಗೆದವರೂ, ಇನ್ನು ಕೆಲವರೂ ಕೂಡಿ ಅದನ್ನು ಕೊಂಡುಕೊಂಡರು. ಯಾರಾದರೂ ಕೆಡವಿಬಿಟ್ಟಾರೆಂಬ ಭಯವು ಇದರಿಂದ ತಪ್ಪಿತು. ನಾಲ್ಕು ವರ್ಷಗಳ ಬಿಡಾರದವರು ಇರುತ್ತಿದ್ದ ಬಾಡಿಗೆಯ ಮನೆಯೊಂದಕ್ಕೆ ಇಷ್ಟು ಗೌರವ!

ಇಷ್ಟೆಲ್ಲ ಹೇಳಿದ ಮೇಲೆ ಗೃಹಸ್ಥರಾದ ವಾಚಕರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರಬೇಕು. ಮಕ್ಕಳು ಇಂಥ ಶೋಕದ ಹಾಡುಗಳನ್ನು ಕೇಳಿಕೊಂಡು ಕುಳಿತರೆ ಮನಸ್ಸು ಕುಗ್ಗುವುದಿಲ್ಲವೆ? ಈ ಭಯವು ನಮ್ಮ ದೇಶದ್ದು ಮಾತ್ರವಲ್ಲ. 2000ದ ಈಚೆಗೆ ಇಮೋ ಎಂಬ ಹೆಸರಿನಲ್ಲಿಯೇ ಬೇರೊಂದು ಬಗೆಯ, ವೇಷಭೂಷಣದ ಆರ್ಭಟವುಳ್ಳ ಸಂಗೀತವು ಪ್ರಸಿದ್ಧಿಗೆ ಬಂದಿತು. 2008ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು ಅದು ಮಕ್ಕಳಿಗೆ ಅಪಾಯಕರವೆಂದು ಬರೆಯಲು, ಮೇ 31ರಂದು ಹರೆಯದ ಹುಡುಗ ಹುಡುಗಿಯರು ಲಂಡನ್ನಿನಲ್ಲಿ ಆ ಪತ್ರಿಕೆಯ ಕಚೇರಿಯ ಮುಂದೆ ಸೇರಿ, ‘ಈ ಹಾಡುಗಳಿಂದ ನಮಗೆ ಆಸರೆಯಾಗಿದೆ’ ಎಂಬ ಅಭಿಪ್ರಾಯವನ್ನು ತಿಳಿಸಿದರು. ಹಿರಿಯರ ಭಯವೂ ಸುಳ್ಳಲ್ಲ, ಕಿರಿಯರ ಮಾತೂ ಸುಳ್ಳಲ್ಲ.

ಇದೇ ಪ್ರಶ್ನೆಯು ನಮ್ಮ ಮನೆಗೂ ಬಂದಿತು. ನಮ್ಮ ತಮ್ಮನ ಮಗನು ದೂರದ ಊರಿನಲ್ಲಿ ಎಂಜಿನಿಯರಿಂಗ್ ಓದಿ ಮುಗಿಸಿ, ಉದ್ಯೋಗದ ಕಾಗದವನ್ನು ಎದುರುನೋಡುತ್ತ ಆಷಾಢ ಮಾಸದಲ್ಲಿ ನಮ್ಮಲ್ಲಿ ಬಂದು ಉಳಿದನು. ಊಟಕ್ಕೆ ಕರೆದರೆ ಬರುವನು, ಕೇಳಿದರೆ ಮಾತನಾಡುವನು. ಉಳಿದ ಹೊತ್ತೆಲ್ಲ ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಮಹಡಿಯ ಕಿಟಕಿಯಲ್ಲಿ ಕುಳಿತು ಮಳೆಯನ್ನು ನೋಡುವನು. ಅವನ ತಾಯಿಯು ಊರಿನಿಂದ ಫೋನು ಮಾಡಿ, “ಭಾವನವರೇ, ಅವನು ಏನೋ ಅಳುಮೋರೆಯ ಹಾಡುಗಳನ್ನು ಕೇಳಿ ಕೇಳಿ ಮಂಕಾಗಿದ್ದಾನೆ. ನೀವು ಮೇಷ್ಟರಾಗಿದ್ದವರು, ನಿಮ್ಮ ಮಾತು ಕೇಳುತ್ತಾನೆ. ಅದನ್ನು ಬಿಡಿಸಿರಿ” ಎಂದಳು. ತಾಯಿಯ ಮಾತನ್ನು ತಳ್ಳಿಹಾಕುವಂತಿಲ್ಲ. ನಾವು ಹುಡುಗನನ್ನು ಕರೆದು, “ಅದೇನು ಕೇಳುತ್ತೀಯಪ್ಪ?” ಎಂದೆವು. “ಏನಿಲ್ಲ ದೊಡ್ಡಪ್ಪ” ಎಂದನು. ಆ ಮಾತಿನ ಪರಿಚಯವು ನಮಗೆ ಚೆನ್ನಾಗಿ ಇತ್ತು. “ಆ ಏನಿಲ್ಲವನ್ನೇ ನಮಗೂ ಕೇಳಿಸು” ಎಂದೆವು.

ಆ ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಎಲ್ಲರೂ ಕುಳಿತೆವು. ಹುಡುಗನು ಸಂಕೋಚದಿಂದಲೇ ಒಂದು ಸಣ್ಣ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಒಂಬತ್ತು ಹಾಡುಗಳನ್ನೂ ಮೊದಲಿನಿಂದ ಕೊನೆಯವರೆಗೆ ಹಾಕಿದನು. ನಮ್ಮ ಮನೆಯವರು ಮರುದಿನಕ್ಕೆ ಹುರುಳಿಕಾಯಿ ಬಿಡಿಸಿಕೊಂಡು ಕೇಳಿದರು. ನಮ್ಮ ತಾಯಿಯವರಿಗೆ ಎಂಬತ್ತನಾಲ್ಕು ವರ್ಷ, ಇಂಗ್ಲಿಷ್ ಬಾರದು, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ರೆ ಮಾಡುತ್ತಿರುವರೆಂದೇ ನಾವು ತಿಳಿದೆವು. ಕಡೆಯ, ಮಾತಿಲ್ಲದ ವಾದ್ಯವು ನಿಂತಿತು. ಹೊರಗೆ ಮಳೆಯ ಸದ್ದು ಮಾತ್ರ. ತಾಯಿಯವರು ಕಣ್ಣು ತೆರೆದು, “ಇದೇನೋ ಮಗು, ಮದುವೆ ಮುಗಿದ ಮರುದಿನದ ಮನೆಯ ಹಾಗಿದೆಯಲ್ಲೋ! ಚಪ್ಪರ ಇನ್ನೂ ಬಿಚ್ಚಿಲ್ಲ, ನೆಂಟರೆಲ್ಲ ಹೊರಟುಹೋಗಿದ್ದಾರೆ” ಎಂದರು.

ಹುಡುಗನು ಅವರನ್ನು ಸ್ವಲ್ಪ ಹೊತ್ತು ನೋಡಿದನು. “ಹೌದಜ್ಜಿ, ಹಾಗೇ” ಎಂದನು. ಅವರು ಅಷ್ಟಕ್ಕೆ ಬಿಡಲಿಲ್ಲ. “ನಿನ್ನ ಕೋಣೆಯಲ್ಲಿ ಯಾರು ಯಾರಿದ್ದರೋ? ಒಬ್ಬೊಬ್ಬರ ಹೆಸರು ಹೇಳು, ಕೇಳುತ್ತೇನೆ” ಎಂದರು. ಅವನು ಹೇಳಿದನು. ಕೋಣೆಯಲ್ಲಿ ನಾಲ್ವರು. ಒಬ್ಬನು ಪುಣೆಗೆ ಹೋದನು, ಒಬ್ಬನು ಹೈದರಾಬಾದಿಗೆ, ಒಬ್ಬನು ಜರ್ಮನಿಗೆ. ಜರ್ಮನಿಗೆ ಹೋದವನು ಕೋಣೆಯ ಬೀಗದ ಕೈಯನ್ನು ಕಚೇರಿಗೆ ಹಿಂದಿರುಗಿಸುವುದನ್ನು ಇವನಿಗೆ ಒಪ್ಪಿಸಿ ಎಲ್ಲರಿಗಿಂತ ಮುಂಚೆ ಹೊರಟಿದ್ದನು. ಕಡೆಗೆ ಉಳಿದು, ಖ���ಲಿ ಕೋಣೆಯನ್ನು ಗುಡಿಸಿ, ಬೀಗ ಹಾಕಿಕೊಂಡು ಬಂದವನು ಇವನೊಬ್ಬನೆ. ಇದನ್ನು ಅವನು ತಾಯಿಗೆ ಹೇಳಿರಲಿಲ್ಲ, ನಮಗೆ ಹೇಳಿರಲಿಲ್ಲ. ಹೇಳುವಂಥ ದೊಡ್ಡ ಸಂಗತಿಯೆಂದು ಅವನಿಗೇ ತೋರಿರಲಿಲ್ಲ. ನಮ್ಮ ತಾಯಿಯವರು ತಾವು ಹದಿನೇಳನೆಯ ವಯಸ್ಸಿನಲ್ಲಿ ತವರನ್ನು ಬಿಟ್ಟು ಬಂದಾಗ ಬಾವಿಕಟ್ಟೆಯ ಗೆಳತಿಯರು ನಾಲ್ವರಿದ್ದರೆಂದೂ, ಅವರಲ್ಲಿ ಇಬ್ಬರನ್ನು ಮತ್ತೆ ನೋಡಲೇ ಇಲ್ಲವೆಂದೂ ಹೇಳಿ ಅವರ ಹೆಸರುಗಳನ್ನು ಹೇಳಿದರು. ಆ ಹೆಸರುಗಳನ್ನು ನಾವು ನಮ್ಮ ಆಯುಷ್ಯದಲ್ಲಿ ಕೇಳಿದುದು ಅದೇ ಮೊದಲು. ಹೆಣ್ಣೊಪ್ಪಿಸುವ ಹಾಡಿನಲ್ಲಿ ತಾಯಿತಂದೆಯರಿಗೆ ಸ್ಥಳವಿದ್ದಿತು. ಬಾವಿಕಟ್ಟೆಯ ಗೆಳತಿಯರಿಗೆ ಇರಲಿಲ್ಲ. ಗಂಟೆ ಹನ್ನೊಂದಾಗುವವರೆಗೆ ಅಜ್ಜಿ ಮೊಮ್ಮಗ ಮಾತನಾಡುತ್ತಿದ್ದರು.

ಮಾರನೆಯ ದಿನ ನಾವು ಅವನ ತಾಯಿಗೆ ಫೋನು ಮಾಡಿ, ಹಾಡನ್ನು ಬಿಡಿಸುವ ಅಗತ್ಯವು ನಮಗೆ ಕಾಣಲಿಲ್ಲವೆಂದೂ, ಜರ್ಮನಿಗೆ ಹೋದ ಹುಡುಗನ ಹೆಸರನ್ನು ಅವನೊಡನೆ ಒಮ್ಮೆ ಎತ್ತಿ ನೋಡಬೇಕೆಂದೂ ಹೇಳಿದೆವು. ಅವನು ಒಂದೇ ರಾತ್ರಿಗೆ ಗೆಲವಾಗಿಬಿಟ್ಟನೆಂದು ನಾವು ಬರೆಯಲಾರೆವು. ಕಿಟಕಿಯಲ್ಲಿ ಕುಳಿತುಕೊಳ್ಳುವುದು ನಡೆದೇ ಇದ್ದಿತು. ಶ್ರಾವಣದಲ್ಲಿ ಕಾಗದ ಬಂದಿತು, ಹೊರಟುಹೋದನು. ಆದರೆ ಆ ನಡುವಿನ ದಿನಗಳಲ್ಲಿ ಊಟಕ್ಕೆ ಕರೆಯದೆಯೇ ಬಂದುದುಂಟು.

ಕಾವ್ಯದಲ್ಲಿಯ ಶೋಕವು ಏಕೆ ಹಿತವಾಗುವುದೆಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಬಹಳವಾಗಿ ವಿಚಾರಿಸಿದ್ದಾರೆ. ಭಟ್ಟನಾಯಕನೂ ಅಭಿನವಗುಪ್ತನೂ ಹೇಳಿದ ಸಾಧಾರಣೀಕರಣದ ತಾತ್ಪರ್ಯವನ್ನು ಸುಲಭವಾದ ಮಾತಿನಲ್ಲಿ ಹೇಳುವುದಾದರೆ, ನನ್ನದೇ ಆಗಿದ್ದ ನೋವು ಕಲೆಯಲ್ಲಿ ಯಾರೊಬ್ಬರದೂ ಅಲ್ಲದುದಾಗಿ, ಆದುದರಿಂದಲೇ ಎಲ್ಲರದೂ ಆಗಿ ಬರುತ್ತದೆ. ಬರಿಯ ನೋವು ಚುಚ್ಚುವುದು, ಹೀಗೆ ಬಂದುದು ಚುಚ್ಚದು. ಅರ್ಬಾನಾದ ಮೂವರ ಬೇಸಿಗೆಯು ನಮ್ಮ ಹುಡುಗನದಾಗಿ, ಇಂಗ್ಲಿಷ್ ಬಾರದ ಮುದುಕಿಯೊಬ್ಬರ ತವರೂರಿನ ಬಾವಿಕಟ್ಟೆಯದಾದುದನ್ನು ನಾವು ಕಣ್ಣಾರೆ ಕಂಡೆವು. ಪಾಠ ಹೇಳುವಾಗ ಈ ತತ್ತ್ವಕ್ಕೆ ಉತ್ತರರಾಮಚರಿತೆಯಿಂದ ಉದಾಹರಣೆ ಕೊಡುತ್ತಿದ್ದೆವು. ಈಗ ಕೊಡಬೇಕಾಗಿ ಬಂದರೆ ಇದನ್ನೂ ಸೇರಿಸುವೆವು.

ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಬಿಡಲಾಗದು. ಮಕ್ಕಳು ಊಟವನ್ನೂ ನಿದ್ರೆಯನ್ನೂ ಬಿಟ್ಟು, ವಾರಗಟ್ಟಲೆ ಯಾರೊಡನೆಯೂ ಬೆರೆಯದೆ, ಬದುಕೇ ಬೇಡವೆಂಬ ಮಾತನ್ನಾಡಿದರೆ ಅದು ಹಾಡಿನ ವಿಷಯವಲ್ಲ. ತಡಮಾಡದೆ ವೈದ್ಯರನ್ನು ಕಾಣಬೇಕು. ನಾವು ಹೇಳುತ್ತಿರುವುದು ಆರೋಗ್ಯವಾಗಿರುವ ಮಕ್ಕಳ ಸಹಜವಾದ ದುಃಖವನ್ನು ಕುರಿತು. ಅದಕ್ಕೆ ‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ?’ ಎಂದು ಹೇಳುವುದು ನಮಗೆ ಹಿರಿಯರಿಗೆ ಸುಲಭ. ಏಕೆಂದರೆ ನಮ್ಮ ಸಣ್ಣ ದುಃಖಗಳನ್ನು ನಾವು ಬಹುಕಾಲದ ಹಿಂದೆಯೇ ಅಟ್ಟಕ್ಕೆ ಹಾಕಿರುತ್ತೇವೆ.

ಆದಕಾರಣ ಮನೆಯ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಕ್ಕಳ ಕಿವಿಯಿಂದ ಯಂತ್ರವನ್ನು ಕೀಳುವುದಕ್ಕೆ ಮುಂಚೆ, ಅದರಲ್ಲಿ ಏನು ಕೇಳುತ್ತಿದೆಯೆಂದು ಒಂದು ಸಲ ಅವರ ಜೊತೆಯಲ್ಲಿ ಕುಳಿತು ಪೂರ್ತಿಯಾಗಿ ಕೇಳಿರಿ. ನಲವತ್ತೊಂದು ನಿಮಿಷ ಬೇಕಾಗುವುದು. ಹುರುಳಿಕಾಯಿ ಬಿಡಿಸಿಕೊಂಡು ಕೇಳಿದರೂ ಆಗುವುದು. ಅರ್ಥವಾಗದಿದ್ದರೆ ಚಿಂತೆಯಿಲ್ಲ. ಮುಗಿದ ಮೇಲೆ ಅವರ ಗೆಳೆಯರ ಹೆಸರುಗಳನ್ನು ಕೇಳಿರಿ.